ಲಕ್ಕಿ ರಸ ಹಚ್ಚಿದ ಜೋಳ

“ಗುರುಗಳೇ, ಗುರುಪಾದನ ವಿಷಯದಲ್ಲಿ ನಾನು ಒಳ್ಳೆಯ ಮಾತನ್ನೇ ಆಡುತ್ತಿದ್ದೇನೆ. ಆದರೂ ಅವನು ಮಠ ಬಿಟ್ಟು ಏಕೆ ಹೊರಟಿದ್ದಾನೆ?”

ಹೀಗೆಂದು ಕೇಳಿದವನು ಮುರಿಗೆಯ್ಯ. ಅವನು ಮಠದ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಗುರುಪಾದನು ಅಡುಗೆಮನೆಯ ಕೆಲಸಕ್ಕಿದ್ದ ಶಿಷ್ಯ. ಅಂದು ಮಧ್ಯಾಹ್ನದ ಪ್ರಸಾದ ಮುಗಿದೊಡನೆ ಗುರುಪಾದನು ಹೊರಡುವವನಿದ್ದನು. ಯಾರು ಕೇಳಿದರೂ ಅವನು ಕಾರಣ ಹೇಳಿರಲಿಲ್ಲ.

“ಮೊದಲಿನಿಂದ ಹೇಳು” ಎಂದರು ಗುರುಗಳು.

ಮುರಿಗೆಯ್ಯನು ಹೇಳಿದನು. ಹಿಂದೊಮ್ಮೆ ಉಗ್ರಾಣದಲ್ಲಿ ತುಪ್ಪದ ಗಡಿಗೆಯೊಂದು ಕಾಣದೆ ಹೋಗಿತ್ತು. ಅದನ್ನು ಗುರುಪಾದನೇ ತನ್ನ ಅಕ್ಕನ ಮನೆಗೆ ಸಾಗಿಸಿದ್ದಾನೆ ಎಂದು ಮುರಿಗೆಯ್ಯನು ಎಲ್ಲರ ಮುಂದೆ ಆಡಿಬಿಟ್ಟಿದ್ದನು. ಆಮೇಲೆ ಗಡಿಗೆ ಚೀಲಗಳ ಹಿಂದೆಯೇ ಸಿಕ್ಕಿತು. ಅದನ್ನು ಅಲ್ಲಿ ಇಟ್ಟವನು ಮುರಿಗೆಯ್ಯನೇ. ಇಟ್ಟು ಮರೆತಿದ್ದನು. ಗಡಿಗೆ ಸಿಕ್ಕಿದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ.

“ಅಂದಿನಿಂದ ಆ ಮಾತನ್ನು ನಾನು ಮತ್ತೆ ಎತ್ತಿಲ್ಲ. ಬೇರೆಯವರು ಎತ್ತದಂತೆಯೂ ನೋಡಿಕೊಂಡಿದ್ದೇನೆ. ಅವನ ಕೆಲಸವನ್ನು ಹೊಗಳಿದ್ದೇನೆ. ಅವನ ಪಾಲಿನ ನೀರು ನಾನು ಹೊತ್ತಿದ್ದೇನೆ. ಈಗ ಮಠದಲ್ಲಿ ಆ ಮಾತಿನ ಸುಳಿವೇ ಇಲ್ಲ. ಇಷ್ಟೆಲ್ಲ ಆದ ಮೇಲೂ ಅವನು ಹೊರಟಿರುವುದು ನನಗೆ ಅರ್ಥವಾಗುತ್ತಿಲ್ಲ. ಒಳ್ಳೆಯತನಕ್ಕೆ ಬಲವಿಲ್ಲವೇ? ಅಥವಾ ನನ್ನ ಒಳ್ಳೆಯತನವೇ ಸುಳ್ಳೇ?”

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದನು. ಆ ಊರಿನವರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಅದರ ಬಾಯಿ ಕಿರಿದು, ಒಡಲು ಅಗಲ. ಒಳಗೋಡೆಗೆ ಜೋಳದ ದಂಟಿನ ಒಣ ಕಣಿಕೆಯನ್ನು ಒತ್ತಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮತ್ತೆ ತೆರೆಯುವುದು ಬೇಕಾದಾಗಲೇ.

ಆದರೆ ನೆಲದ ತೇವ ಒಳಗೆ ಇಳಿದರೆ ಕಾಳಿಗೆ ಬೂಷ್ಟು ಹಿಡಿಯುತ್ತಿತ್ತು. ಬೂಷ್ಟು ಹಿಡಿದ ಜೋಳವನ್ನು ತಿಂದವರಿಗೆ ವಾಂತಿಯಾಗುತ್ತದೆ, ಹೊಟ್ಟೆ ಕಡಿಯುತ್ತದೆ, ಎಳೆಗರು ತಿಂದರೆ ಏಳುವುದಿಲ್ಲ ಎಂಬುದು ಆ ಊರಿನವರಿಗೆ ತಿಳಿದಿತ್ತು. ಆದುದರಿಂದ ಅಲ್ಲಿ ಒಂದು ಪದ್ಧತಿ ಇತ್ತು. ಹಗೇವಿಗೆ ಕಲ್ಲು ಹಾಕುವ ಮೊದಲು ಓಣಿಯ ಹಿರಿಯ ಹೆಂಗಸು ಒಂದು ಬೊಗಸೆ ಕಾಳನ್ನು ಮೂಸಿ ನೋಡಬೇಕು. ಅವಳು ಹೂಂ ಎಂದರೆ ಕಲ್ಲು ಹಾಕಬೇಕು. ಊಹೂಂ ಎಂದರೆ ಆ ಕಾಳು ತಿಪ್ಪೆಗೆ ಹೋಗಬೇಕು. ಅದನ್ನು ದನಕ್ಕೂ ಹಾಕುವಂತಿರಲಿಲ್ಲ.

ಒಂದು ವರ್ಷ ಅವಳು ಹೂಂ ಎಂದ ಹಗೇವುಗಳಲ್ಲಿಯೂ ಬೂಷ್ಟು ಬಂದಿತು. ಮೂಗು ಅಂದಿನ ಕಾಳನ್ನು ಅರಿಯಬಲ್ಲದೇ ಹೊರತು ಮುಂದೆ ಇಳಿಯುವ ತೇವವನ್ನು ಅರಿಯಲಾರದು. ರೈತನ ಹಗೇವೂ ಕೆಟ್ಟಿತು. ಅವನು ಪಕ್ಕದ ಊರಿನ ವೈದ್ಯನ ಬಳಿಗೆ ಹೋದನು.

ವೈದ್ಯನು ಹೇಳಿದನು: “ಲಕ್ಕಿ ಸೊಪ್ಪು, ಬಜಿ ಬೇರು ಕೂಡಿಸಿ ಅರಿ. ರಸ ಹಿಂಡಿ ಒಣಗಿದ ಕಾಳಿಗೆ ಚಿಮುಕಿಸು. ಮತ್ತ ಬಿಸಲಿಗೆ ಹಾಕು. ಕಣಿಕಿಗೂ ಸವರು. ಬೂಷ್ಟು ಅದರ ಹತ್ತಿರ ಬರೂದಿಲ್ಲ.”

ರೈತನು ಹಾಗೆಯೇ ಮಾಡಿದನು. ಮುಂದಿನ ಸಲ ಹಗೇವಿನ ಕಲ್ಲು ತೆಗೆದಾಗ ಕಾಳು ಹಾಕಿದಂತೆಯೇ ಇತ್ತು. ಬೇರೆಯವರ ಹಗೇವುಗಳು ಅರ್ಧ ಕಪ್ಪಾಗಿದ್ದವು. ಊರಿನವರು ಬಂದು ನೋಡಿದರು. ಆಮೇಲೆ ಹಳ್ಳದ ದಂಡೆಯಲ್ಲಿ ಲಕ್ಕಿಯ ಗಿಡಕ್ಕೆ ಎಲೆ ಉಳಿಯಲಿಲ್ಲ.

“ಇನ್ನ ಮ್ಯಾಲ ಜೋಳಾ ಬಿಟ್ಟು ಲಕ್ಕೀನ ಬಿತ್ತೋ ಮಾರಾಯ” ಎಂದು ನೆರೆಯವನು ನಗೆಯಾಡಿದನು.

“ಬಿತ್ತತೀನಿ. ಆವಾಗ ನೀ ನನ್ನ ಹೊಲಕ್ಕ ಕಳವಿಗೆ ಬರ್ತಿ” ಎಂದನು ರೈತ.

ಮುಂದಿನ ಸುಗ್ಗಿಯಲ್ಲಿ ಅಕಾಲದ ಮಳೆ ಬಂದಿತು. ಕೆಲವರ ಜೋಳ ಅಷ್ಟರೊಳಗೆ ಮನೆ ಸೇರಿತ್ತು. ರೈತನ ಜೋಳ ಇನ್ನೂ ಕಣದಲ್ಲಿತ್ತು. ಮಳೆ ನಿಂತ ಮೇಲೆ ಅವನು ರಾಶಿಯೊಳಗೆ ಕೈ ಹಾಕಿದನು. ಒಳಗೆ ಬಿಸಿಯಾಗಿತ್ತು. ಕಾಳು ಗಟ್ಟಿಯಾಗಿ ಅಂಟಿಕೊಂಡಿತ್ತು. ಹಸಿರು ಬೂಷ್ಟು ಅವನ ಅಂಗೈಗೆ ಹತ್ತಿತು.

ಅವನ ಹೆಂಡತಿ, “ತಿಪ್ಪಿಗಿ ಹಾಕೂಣು” ಎಂದಳು.

“ಔಷಧ ಕೈಯಾಗ ಇಟಗೊಂಡು ತಿಪ್ಪಿಗಿ ಯಾಕ ಹಾಕೂಣು? ಮಗಳು ಬಾಣಂತನಕ್ಕ ಬಂದಾಳ. ಆಕಿಗೆ ಏನ ಹಾಕ್ತಿ, ನಿನ್ನ ಮಾತ ಹಾಕ್ತಿಯೇನ?”

ಅವನು ಲಕ್ಕಿ ಮತ್ತು ಬಜೆಯನ್ನು ಮೊದಲಿಗಿಂತ ಹೆಚ್ಚಾಗಿ ಅರೆದನು. ರಸವನ್ನು ಚಿಮುಕಿಸಲಿಲ್ಲ, ಸುರಿದನು. ಕಾಳನ್ನು ಕೈಯಿಂದ ಉಜ್ಜಿದನು. ಬಿಸಿಲಿಗೆ ಹರಡಿದನು. ಒಣಗಿದ ಮೇಲೆ ನೋಡಿದರೆ ಬೂಷ್ಟು ಎಲ್ಲಿಯೂ ಇರಲಿಲ್ಲ. ಅವನಿಗೆ ಯಾರನ್ನೂ ಮೋಸಗೊಳಿಸುವ ಎಣಿಕೆ ಇರಲಿಲ್ಲ. ಔಷಧ ಹಚ್ಚಿದುದರಿಂದ ಕೇಡು ಹೋಯಿತೆಂದೇ ಅವನು ನಂಬಿದನು.

ಆಮೇಲೆ ಓಣಿಯ ಹಿರಿಯ ಹೆಂಗಸನ್ನು ಕರೆಸಿದನು. ಅವಳನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಆಯಿ ಬೊಗಸೆಯಲ್ಲಿ ಕಾಳು ತೆಗೆದುಕೊಂಡು ಮೂಸಿದಳು. ಬೊಗಸೆ ಚೆಲ್ಲಿ ಬೇರೆ ಕಡೆಯಿಂದ ತೆಗೆದುಕೊಂಡು ಮತ್ತೆ ಮೂಸಿದಳು.

“ನನಗ ಲಕ್ಕಿ ವಾಸನಿ ಬಿಟ್ಟರ ಏನೂ ಬರವಲ್ದು” ಎಂದಳು.

“ಛಲೋನ ಆತಲ್ಲ ಆಯಿ.”

“ಛಲೋ ಐತೋ ಕೆಟ್ಟೈತೋ, ಅದ ತಿಳಿವಲ್ದು ಅಂತ ಹೇಳಾಕತ್ತೀನಿ.”

“ಮೂಗಿಗೂ ಮುಪ್ಪು ಬಂತು ಬಿಡು” ಎಂದು ನೆರೆಯವನು ಹೇಳಿದನು. ಸುತ್ತ ನಿಂತವರು ನಕ್ಕರು. ಆಯಿ ನಗಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, “ಹಾಕರೆಪ್ಪ ಕಲ್ಲು. ನಿಮ್ಮ ಔಷಧ ಅದ, ನೀವ ಬಲ್ಲಿರಿ” ಎಂದು ಹೇಳಿ ಹೊರಟುಹೋದಳು. ಅವಳು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಕಲ್ಲು ಹಾಕಿದರು.

ಆ ಊರಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಹಗೇವು ತೆಗೆದ ಮನೆಯವರು ಮೊದಲ ಮೊರದ ಕಾಳನ್ನು ಓಣಿಯ ಬಾಣಂತಿಯರಿಗೆ ಕೊಡಬೇಕು. ಬಾಣಂತಿ ತೊಟ್ಟಿಲ ಕಾರ್ಯದವರೆಗೆ ರೊಟ್ಟಿ ತಿನ್ನುವಂತಿಲ್ಲ. ಆ ದಿನ ಓಣಿಯ ಹೆಂಗಸರೆಲ್ಲ ಸೇರಿ, ಮನೆಮನೆಯಿಂದ ತಂದ ಹಿಟ್ಟನ್ನು ಒಂದಾಗಿಸಿ ರೊಟ್ಟಿ ತಟ್ಟುತ್ತಾರೆ. ಮೊದಲ ರೊಟ್ಟಿ ಬಾಣಂತಿಗೆ.

ರೈತನು ಕಲ್ಲು ತೆಗೆದನು. ಕಾಳಿನಲ್ಲಿ ಬೂಷ್ಟು ಕಾಣಲಿಲ್ಲ. ಒಂದು ಮೊರ ಕಾಳನ್ನು ನೆರೆಮನೆಯ ಬಾಣಂತಿಗೆ ಕಳುಹಿಸಿದನು. ಅವಳ ಮಗುವಿಗೆ ಇನ್ನೂ ತೊಟ್ಟಿಲು ಕಟ್ಟಿರಲಿಲ್ಲ. ಅವರು ಆ ಕಾಳನ್ನು ಬೀಸಿ ಹಿಟ್ಟು ಮಾಡಿ ಎತ್ತಿಟ್ಟರು. ರೈತನ ಮಗಳಿಗೆ ತೊಟ್ಟಿಲ ಕಾರ್ಯ ಮುಗಿದಿತ್ತು. ಅವಳು ಅಂದೇ ಆ ಜೋಳದ ರೊಟ್ಟಿಯನ್ನು ತಿಂದಳು.

ಮಗಳಿಗೆ ವಾಂತಿ ಹತ್ತಿತು. ಹೊಟ್ಟೆ ಹಿಡಿದುಕೊಂಡು ಮಲಗಿದಳು. ಹಾಲು ಸಾಲದೆ ಮಗು ಅಳತೊಡಗಿತು. ರೈತನ ಹೆಂಡತಿಗೂ ಹಾಗೆಯೇ ಆಯಿತು. ಅವರು ನೀರನ್ನು ಸಂಶಯಪಟ್ಟರು. ಯಾರದೋ ಕಣ್ಣು ಬಿದ್ದಿತೆಂದು ಸಂಶಯಪಟ್ಟರು. ಕಾಳನ್ನು ಸಂಶಯಪಡಲಿಲ್ಲ. ಅದಕ್ಕೆ ಔಷಧ ಹಚ್ಚಿತ್ತು.

ರೈತನು ಲಕ್ಕಿಯ ಕಷಾಯವನ್ನು ಕುದಿಸಿ ಮಗಳಿಗೆ ಕುಡಿಸಿದನು. ಅವಳಿಗೆ ಊಟ ಸೇರುತ್ತಿರಲಿಲ್ಲ, ಬರಿಯ ಗಂಜಿನೀರನ್ನು ಕುಡಿದು ಮಲಗಿದ್ದಳು. ಸ್ವಲ್ಪ ಸುಧಾರಿಸಿಕೊಂಡಳು. ಕಷಾಯದಿಂದಲೇ ಸುಧಾರಿಸಿತೆಂದು ಅವನು ತಿಳಿದನು. ಅವಳು ಎದ್ದು ಕುಳಿತೊಡನೆ ಮತ್ತೆ ಅದೇ ಜೋಳದ ರೊಟ್ಟಿಯನ್ನು ಕೊಟ್ಟನು. ಮತ್ತೆ ವಾಂತಿಯಾಯಿತು. ಆಗ ಅವನಿಗೆ ಮೊದಲ ಬಾರಿ ಕಾಳಿನ ಮೇಲೆ ಸಂಶಯ ಬಂದಿತು. ಬಂದ ಸಂಶಯದಿಂದ ಅವನು ಮಾಡಿದ್ದೇನು? ಆ ಕಾಳಿಗೆ ಮತ್ತೊಮ್ಮೆ ಲಕ್ಕಿಯ ರಸ ಹಚ್ಚಿದನು. ಹಚ್ಚಿ ಒಣಗಿಸಿ ಒಂದು ಹಿಡಿಯನ್ನು ಕರುವಿನ ಮುಂದೆ ಇಟ್ಟನು. ಕರು ಬೆಳಿಗ್ಗೆ ಏಳಲಿಲ್ಲ.

“ಆ ಎಲಿನ ವಿಷ ಇರಬೇಕು” ಎಂದಳು ಹೆಂಡತಿ.

ಅದು ಓಣಿಗೆ ಹಬ್ಬಿತು. ಕೆಲವರು ಲಕ್ಕಿಯನ್ನು ಬೈದರು. ಆದರೆ ಮಳೆಗೆ ಮುಂಚೆ ಜೋಳ ಮನೆ ಸೇರಿಸಿದ್ದವರೂ ಅದೇ ಲಕ್ಕಿಯ ರಸವನ್ನು ಹಚ್ಚಿದ್ದರು. ಅವರ ಮನೆಯಲ್ಲಿ ಎಲ್ಲರೂ ಉಂಡು ಆರೋಗ್ಯವಾಗಿದ್ದರು. ಆದುದರಿಂದ ಆ ಮಾತು ನಿಲ್ಲಲಿಲ್ಲ, ರೈತನ ಮನೆಗೆ ಯಾರದೋ ಕಣ್ಣು ಬಿದ್ದಿದೆ ಎಂದೇ ಓಣಿಯವರು ತಿಳಿದರು. ಎಲೆ ಒಂದೇ, ಹಳ್ಳ ಒಂದೇ, ಅರೆಯುವ ರೀತಿ ಒಂದೇ. ಒಂದು ಮನೆಯಲ್ಲಿ ಅದು ಕಾಯುತ್ತದೆ, ಇನ್ನೊಂದು ಮನೆಯಲ್ಲಿ ಕೊಲ್ಲುತ್ತದೆ. ರೈತನಿಗೆ ಏನೂ ತಿಳಿಯದಾಯಿತು.

ಇಲ್ಲಿ ಮುರಿಗೆಯ್ಯನು ತಡೆದನು.

“ನನಗೂ ತಿಳಿಯುತ್ತಿಲ್ಲ ಗುರುಗಳೇ. ಎಲೆ ಒಳ್ಳೆಯದೇ?”

“ಒಳ್ಳೆಯದು.”

“ರೈತನು ಕೆಟ್ಟವನೇ?”

“ಅಲ್ಲ.”

“ಹಾಗಾದರೆ ಕೇಡು ಎಲ್ಲಿಂದ ಬಂದಿತು?”

“ರೈತನೂ ಇದನ್ನೇ ಕೇಳಿದನು” ಎಂದು ಗುರುಗಳು ಕತೆಯನ್ನು ಮುಂದುವರಿಸಿದರು.

ಅವನು ಒಂದು ಹಿಡಿ ಕಾಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ವೈದ್ಯನ ಮನೆಗೆ ಹೋದನು. ಹೋದವನೇ ಬಾಗಿಲಲ್ಲಿ ನಿಂತು ಜಗಳಕ್ಕೆ ಮೊದಲು ಮಾಡಿದನು.

“ಔಷಧ ಅಂತ ಹೇಳಿ ವಿಷ ಕೊಟ್ಟಿ. ನನ್ನ ಮಗಳು ಹಾಸಿಗಿ ಹಿಡದಾಳ.”

“ಒಳಗ ಬಂದು ಕುಂತು ಬೈ” ಎಂದನು ವೈದ್ಯ. “ರಸಾ ಯಾವಾಗ ಹಚ್ಚಿದಿ?”

“ಬೂಷ್ಟು ಬಂದ ಕೂಡಲೇ ಹಚ್ಚೀನಿ. ಒಂದ ದಿನಾನೂ ತಡಾ ಮಾಡಿಲ್ಲ. ಹೆಂಡತಿ ತಿಪ್ಪಿಗಿ ಹಾಕೂಣು ಅಂದಳು, ನಮ್ಮ ಆಯಿಗೆ ಲಕ್ಕಿ ವಾಸನಿ ಬಿಟ್ಟರ ಏನೂ ಬರಲಿಲ್ಲ.”

ವೈದ್ಯನು ಕಾಳನ್ನು ಕೈಗೆ ತೆಗೆದುಕೊಂಡನು. ಒಂದು ಕಾಳನ್ನು ಉಗುರಿನಿಂದ ಸೀಳಿ ನೋಡಿದನು.

“ಬೂಷ್ಟು ಸತ್ತೈತಿ” ಎಂದನು. “ಎಲಿ ತನ್ನ ಕೆಲಸಾ ಮಾಡೇತಿ. ಆದರ ಬೂಷ್ಟು ಜೀವಂತ ಇದ್ದಾಗ ಕಾಳಿನಾಗ ನಂಜು ಬಿಟ್ಟೈತಿ. ಆ ನಂಜು ಎಲಿಗೆ ಸಾಯೂದಿಲ್ಲ, ಬಿಸಲಿಗೆ ಹೋಗೂದಿಲ್ಲ, ಹಂಚಿನ ಮ್ಯಾಲ ಸುಟ್ಟರೂ ಹೋಗೂದಿಲ್ಲ.”

“ಬೂಷ್ಟ ಇಲ್ಲ ಅಂದಮ್ಯಾಲ ನಂಜು ಹೆಂಗ ಇರತೈತಿ?”

“ಬೂಷ್ಟು ಕಾಣತಿತ್ತು. ಹಂಗ ಇದ್ದಿದ್ದರ ನಿನ್ನ ಹೆಂಡತಿ ತಿಪ್ಪಿಗಿ ಹಾಕತಿದ್ದಳು. ನಾತ ಬರತಿತ್ತು. ಬಂದಿದ್ದರ ನಿಮ್ಮ ಆಯಿ ಊಹೂಂ ಅಂತಿದ್ದಳು. ನಂಜು ಐತಿ ಅಂತ ಹೇಳೂವು ಅವೆರಡ. ಆ ಎರಡನ್ನೂ ನೀನ ಉಜ್ಜಿ ಉಜ್ಜಿ ಅಳಿಸಿದಿ.”

ರೈತನು ನೆಲವನ್ನು ನೋಡುತ್ತ ಕುಳಿತನು. ಅವನು ಔಷಧವನ್ನು ಹಚ್ಚಿದ್ದು ಹೌದು. ಪ್ರೀತಿಯಿಂದ ಹಚ್ಚಿದ್ದೂ ಹೌದು. ಬೂಷ್ಟು ಹೋದದ್ದೂ ಹೌದು. ಇಷ್ಟು ಹೌದುಗಳ ಕೊನೆಯಲ್ಲಿ ಮಗಳು ಹಾಸಿಗೆಯಲ್ಲಿದ್ದಳು.

“ಇನ್ನೇನ ಮಾಡ್ಲಿ?” ಎಂದು ಕೇಳಿದನು.

“ಇದನ್ನ ಮನಿಯಿಂದ ತಗಿ. ಮಗಳಿಗೆ ಬ್ಯಾರೆ ಕಾಳು ಹಾಕು, ಆಕಿ ಸುಧಾರಿಸ್ತಾಳ. ಈ ಕಾಳ ಮತ್ತ ಯಾರಿಗರ ಕೊಟ್ಟೀಯೇನ?”

ಆಗ ರೈತನಿಗೆ ನೆರೆಮನೆಯ ನೆನಪಾಯಿತು. ಅಂದೇ ಅಲ್ಲಿ ತೊಟ್ಟಿಲ ಕಾರ್ಯ.

ಅವನು ಎದ್ದು ಹೊರಟನು. ದಾರಿಯಲ್ಲಿ ಬೇಗಬೇಗ ನಡೆದನು, ನಡೆಯುತ್ತ ಯೋಚಿಸಿದನು. ಏನೆಂದು ಹೇಳುವುದು? ಕೊಟ್ಟ ಕಾಳು ಹಳೆಯದು, ಬೇರೆ ಒಳ್ಳೆಯ ಕಾಳು ಕೊಡುತ್ತೇನೆ ಎನ್ನಬಹುದು. ನಗುತ್ತ ಹೇಳಿ ಹಿಟ್ಟನ್ನು ಹಿಂದಕ್ಕೆ ತರಬಹುದು. ಆಗ ಯಾರಿಗೂ ಏನೂ ತಿಳಿಯುವುದಿಲ್ಲ. ಲಕ್ಕಿಯ ಹೆಸರೂ ಉಳಿಯುತ್ತದೆ, ತನ್ನ ಹೆಸರೂ ಉಳಿಯುತ್ತದೆ. ಮುಂದೆ ಆ ಮನೆಗೆ ಎರಡು ಮೊರ ಕೊಟ್ಟರಾಯಿತು. ಆಯಿಗೆ ಒಂದು ಹೊಸ ಸೀರೆ ಕೊಟ್ಟರಾಯಿತು. ಹೀಗೆ ಯೋಚಿಸಿದಾಗ ಅವನ ಮನಸ್ಸು ಹಗುರವಾಯಿತು. ತಾನು ಒಳ್ಳೆಯವನೆಂದು ಅವನಿಗೆ ಮತ್ತೆ ಅನ್ನಿಸಿತು.

ನೆರೆಮನೆಯ ಬಾಗಿಲಿಗೆ ಬಂದಾಗ ಓಣಿಯ ಹೆಂಗಸರೆಲ್ಲ ಅಲ್ಲಿ ಸೇರಿದ್ದರು. ಆಯಿಯೂ ಕುಳಿತಿದ್ದಳು. ಮನೆಮನೆಯ ಹಿಟ್ಟನ್ನು ಒಂದೇ ಪರಾತದಲ್ಲಿ ಸುರಿದು ಕಲಸಿಯಾಗಿತ್ತು. ಹಂಚು ಕಾದಿತ್ತು. ಯಾವುದು ಅವನ ಹಿಟ್ಟು, ಯಾವುದು ಬೇರೆಯವರದು ಎಂದು ಬೇರ್ಪಡಿಸುವ ದಾರಿ ಇರಲಿಲ್ಲ. ನಗುತ್ತ ಹಿಂದಕ್ಕೆ ಕೇಳುವಂಥದ್ದು ಏನೂ ಉಳಿದಿರಲಿಲ್ಲ. ಅದನ್ನೆಲ್ಲ ಚೆಲ್ಲಿಸಬೇಕಾದರೆ ಏಕೆಂದು ಹೇಳಬೇಕು. ಹೇಳಿದರೆ ಅಲ್ಲಿದ್ದವರೆಲ್ಲರೂ ಕೇಳುತ್ತಾರೆ.

“ಬಾ ಅಣ್ಣಾ” ಎಂದಳು ಬಾಣಂತಿ, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು. “ನಿನ್ನ ಜ್ವಾಳದ್ದ ಮಾತ ಆಡಾಕತ್ತಿದ್ದಿವಿ. ಹಿಟ್ಟು ಎಷ್ಟ ಘಮಾ ಬರತೈತಿ ಅಂತೀನಿ.”

“ಘಮಾ ಬರದ ಏನ? ಲಕ್ಕಿಯಪ್ಪನ ಜ್ವಾಳ ಅದು” ಎಂದು ಒಬ್ಬಳು ಹೇಳಿದಳು. ಹೆಂಗಸರು ನಕ್ಕರು. ಹಂಚಿನ ಮೇಲಿನ ಮೊದಲ ರೊಟ್ಟಿಯನ್ನು ತಿರುವಿ ಹಾಕಿದರು.

ರೈತನು ಹೊಸ್ತಿಲಲ್ಲಿ ನಿಂತನು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಮುರಿಗೆಯ್ಯನು ಕಾದನು.

“ಆಮೇಲೆ ಏನಾಯಿತು ಗುರುಗಳೇ? ಅವನು ಹೇಳಿದನೇ?”

“ನೀನೇನು ಹೇಳುತ್ತೀ?” ಎಂದರು ಗುರುಗಳು.

“ಅವನು ಹೇಳಲೇಬೇಕು” ಎಂದನು ಮುರಿಗೆಯ್ಯ. ಅವನ ದನಿ ತಾನಾಗಿ ಏರಿತ್ತು. “ಹೆಸರು ಹೋದರೆ ಹೋಗಲಿ. ಆಯಿಯ ಎದುರಿಗೆ ತಲೆ ತಗ್ಗಿದರೆ ತಗ್ಗಲಿ. ರೊಟ್ಟಿ ಬೆಂದಾಗಿದೆ. ಇನ್ನೊಂದು ಗಳಿಗೆ ತಡೆದರೆ ಆ ತಾಯಿ ತಿಂದುಬಿಡುತ್ತಾಳೆ. ಅವನು ಅಲ್ಲಿ ನಿಂತು ಏನನ್ನು ಯೋಚಿಸುತ್ತಿದ್ದಾನೆ?”

ಗುರುಗಳು ಅವನ ಮುಖವನ್ನು ನೋಡಿ ಹೇಳಿದರು:

“ಮುರಿಗೆಯ್ಯ, ತುಪ್ಪದ ಗಡಿಗೆಯ ಮಾತನ್ನು ನೀನು ಯಾರ ಮುಂದೆ ಆಡಿದೆಯೋ ಅವರೆಲ್ಲರೂ ಈಗ ಪ್ರಸಾದಕ್ಕೆ ಕುಳಿತಿದ್ದಾರೆ.”